ಹುಡುಗರು ಪಾಸಾಗಿ ಹೋದ ಮೇಲೆ ಸಾಫ್ಟ್‌ವೇರಿಗೆ ಯಾರು ದಿಕ್ಕು?

ಪುಕ್ಕಟೆ ಎಂದ ಕೂಡಲೇ ನಮ್ಮ ಜನಕ್ಕೆ ಎರಡು ಬುದ್ಧಿ. ಒಂದು, "ಸಿಕ್ಕಿದ್ದನ್ನು ಬಿಡುವುದು ಯಾಕೆ?" ಇನ್ನೊಂದು, "ಪುಕ್ಕಟೆ ಕೊಡ್ತಾರೆ ಅಂದ್ರೆ ಒಳಗೆ ಎಂತದೋ ಉಂಟು ಮಾರಾಯ್ರೇ!" ಎರಡೂ ಅನುಭವದಿಂದ ಬಂದ ಬುದ್ಧಿಯೇ. ಆದರೆ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಕೋಡಿಂಗ್ ಕ್ಲಬ್ ಕಟ್ಟಿಕೊಂಡು, "ನಿಮ್ಮ ಶಾಲೆಗೆ, ಸಂಘಕ್ಕೆ, ಲೈಬ್ರರಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಡ್ತೇವೆ, ಹಣ ಬೇಡ" ಎಂದು ಬಂದಾಗ ಈ ಎರಡೂ ಸಾಲುವುದಿಲ್ಲ. ಮೂರನೆಯದೊಂದು ಬುದ್ಧಿ ಬೇಕು. "ನೀವು ಪಾಸಾಗಿ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು?" ಎಂದು ಕೇಳುವ ಬುದ್ಧಿ.

ಸುರತ್ಕಲ್ ದಾರಿಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಈ ಮಕ್ಕಳು ಹೊಸಬರಲ್ಲ. ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲು. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ಹಳೆ ಪ್ರಯಾಣಿಕರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಕೆಆರ್‌ಇಸಿಯೇ. ಹತ್ತಿರದ ಟೋಲ್ ಗೇಟಿನಲ್ಲಿ 2022ರ ಡಿಸೆಂಬರಿನಿಂದ ವಸೂಲಿ ನಿಂತಿತು, ಕಾಲೇಜಿನ ನಡುವೆ ಹೆದ್ದಾರಿ ಹಾದುಹೋಗುವುದು ನಿಲ್ಲಲಿಲ್ಲ. ಬಸ್ಸಿನ ಕಿಟಕಿಯಿಂದ ನಮಗೆ ಕಾಣುವುದು ಗೇಟು, ಕಟ್ಟಡ, ಮರ. ಕ್ಲಾಸು ಮುಗಿದ ಮೇಲೆ ಒಳಗೆ ನಡೆಯುವ ಇನ್ನೊಂದು ಶಾಲೆ ಕಾಣುವುದಿಲ್ಲ.

ಕ್ಲಬ್ಬಿನಲ್ಲಿ ನಡೆಯುವುದೇನು?

ಕ್ಲಬ್ ಎಂದರೆ ಇಸ್ಪೀಟಿನ ಕ್ಲಬ್ ಅಲ್ಲ ಸ್ವಾಮಿ. ಎನ್‌ಐಟಿಕೆಯಲ್ಲಿ 'ವೆಬ್ ಎಂಥೂಸಿಯಾಸ್ಟ್ಸ್ ಕ್ಲಬ್' ಎಂಬುದೊಂದುಂಟು, ಚುಟುಕಾಗಿ ವೆಬ್ ಕ್ಲಬ್. ಪಕ್ಕದ ಮಣಿಪಾಲದಲ್ಲಿ ಲಿನಕ್ಸ್ ಬಳಸುವವರ ಗುಂಪೊಂದುಂಟು. ಕಂಪ್ಯೂಟರ್ ಕಲಿಸುವ ಬೇರೆ ಕಾಲೇಜುಗಳಲ್ಲೂ ಇಂಥ ಗುಂಪುಗಳು ಕಾಣಸಿಗುತ್ತವೆ. ಮೇಷ್ಟ್ರು ಯಾರು? ಮೂರನೆ, ನಾಲ್ಕನೆ ವರ್ಷದವರು. ಶಿಷ್ಯರು ಯಾರು? ಒಂದನೆ, ಎರಡನೆ ವರ್ಷದವರು. ಸಂಬಳವೂ ಇಲ್ಲ, ಫೀಸೂ ಇಲ್ಲ.

ವರ್ಕ್‌ಶಾಪ್ ಅಂದ್ರೆ ನಮಗೆ ನೆನಪಾಗುವುದು ಗ್ಯಾರೇಜು. ಇದೂ ಹೆಚ್ಚು ಕಡಿಮೆ ಹಾಗೆಯೇ. ಭಾಷಣ ಕಡಿಮೆ, ಬಿಚ್ಚಿ ಜೋಡಿಸುವುದು ಜಾಸ್ತಿ. ಒಬ್ಬ ಸೀನಿಯರ್ ಪರದೆಯ ಮೇಲೆ ನಾಲ್ಕು ಸಾಲು ಬರೆದು ತೋರಿಸುತ್ತಾನೆ, ಉಳಿದವರು ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನೇ ಬರೆದು ಓಡಿಸುತ್ತಾರೆ. ಓಡದಿದ್ದರೆ ಪಕ್ಕದವರು ಇಣುಕಿ ನೋಡಿ ತಪ್ಪು ಹುಡುಕುತ್ತಾರೆ. ಕಲಿಯುವುದು ಆ ಇಣುಕಿ ನೋಡುವುದರಲ್ಲೇ.

ಈ ಕೋಡ್ ಅಂದ್ರೆ ಮಂತ್ರ ತಂತ್ರ ಏನಲ್ಲ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ನೀವು ಹೇಳುತ್ತೀರಲ್ಲ, "ಚೀಟಿ ನೋಡು, ಸಾಮಾನು ತೆಗೆ, ತೂಕ ಮಾಡು, ಮೊತ್ತ ಕೂಡಿಸು, ಹಣ ತೆಗೆದುಕೋ" ಎಂದು? ಅದೇ ಕೋಡ್. ವ್ಯತ್ಯಾಸ ಇಷ್ಟೇ. ಹುಡುಗನಿಗೆ ಅರ್ಧ ಹೇಳಿದರೆ ಉಳಿದರ್ಧ ಅವನೇ ಊಹಿಸಿಕೊಳ್ಳುತ್ತಾನೆ, ಕಂಪ್ಯೂಟರ್ ಊಹಿಸುವುದಿಲ್ಲ. ಸಕ್ಕರೆ ಮುಗಿದರೆ ಏನು ಮಾಡಬೇಕು ಎಂದು ಬರೆದಿಡದಿದ್ದರೆ ಅದು ಇಲ್ಲದ ಸಕ್ಕರೆಯನ್ನೂ ತೂಗಿ ಬಿಲ್ಲು ಹಾಕುತ್ತದೆ!

ಕ್ಲಬ್ಬುಗಳಲ್ಲಿ ಮೊದಮೊದಲೇ ಹೇಳಿಕೊಡುವ ಇನ್ನೊಂದು ಸಂಗತಿ 'ಗಿಟ್'. ಇದನ್ನು ಅಂಗಡಿಯವರಿಗೆ ವಿವರಿಸುವುದು ಬಹಳ ಸುಲಭ. ನಿಮ್ಮ ದಿನವಹಿ ಪುಸ್ತಕದಲ್ಲಿ ಯಾವ ದಿನ ಯಾರು ಏನು ಬರೆದರು, ಹಿಂದಿನ ಶಿಲ್ಕು ಎಷ್ಟು ಎಂದು ಇರುತ್ತದಲ್ಲ? ಹಾಗೆಯೇ ಸಾಫ್ಟ್‌ವೇರಿನ ಯಾವ ಸಾಲನ್ನು ಯಾರು ಯಾವಾಗ ತಿದ್ದಿದರು ಎಂದು ಇದರಲ್ಲಿ ದಾಖಲಾಗುತ್ತದೆ. ತಿದ್ದಿದ್ದು ಕೆಟ್ಟರೆ ನಿನ್ನೆಯ ಪುಟಕ್ಕೆ ಮರಳಬಹುದು. 2005ರಲ್ಲಿ ಇದನ್ನು ಬರೆದವರು ಲಿನಸ್ ಟೋರ್ವಾಲ್ಡ್ಸ್. ಅದಕ್ಕೂ ಮೊದಲು, 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಲಿನಕ್ಸ್ ಶುರುಮಾಡಿದವರೂ ಇವರೇ. ಒಬ್ಬ ವಿದ್ಯಾರ್ಥಿಯ ಹವ್ಯಾಸ ಅದು. ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಅದೇ ಲಿನಕ್ಸ್ ಉಂಟು. ಆದ್ದರಿಂದ "ಮಕ್ಕಳ ಆಟ" ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಲಿನಕ್ಸ್ ಉಳಿದದ್ದು ಒಬ್ಬ ಹುಡುಗ ಬರೆದ ಎಂದಲ್ಲ. ಬರೆದದ್ದನ್ನು ಎಲ್ಲರ ಮುಂದೆ ತೆರೆದಿಟ್ಟ, ಸಾವಿರಾರು ಜನ ಬಂದು ಕೈಹಾಕಿದರು ಎಂದು.

ತೆರಿಗೆ ಬದಲಾದ ಸೋಮವಾರ

ಈಗ ಅಂಗಡಿಯ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಸಭೆ ಸೇರಿತು. ಅದೇ 22ರ ಸೋಮವಾರ, ನವರಾತ್ರಿಯ ಮೊದಲ ದಿನ, ಹೊಸ ದರ ಜಾರಿಗೆ ಬಂತು. ಶೇ. 12 ಮತ್ತು ಶೇ. 28ರ ಮೆಟ್ಟಿಲುಗಳು ಬಹುಮಟ್ಟಿಗೆ ಹೋಗಿ ಶೇ. 5 ಮತ್ತು ಶೇ. 18 ಉಳಿದವು. ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್, ಸ್ನಾನದ ಸಾಬೂನು 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಸಿಕ್ಕಿದ ವ್ಯವಧಾನ ಮೂರು ವಾರವೂ ಇಲ್ಲ.

ಒಂದು ಊಹೆ ಮಾಡಿ ನೋಡಿ. 2023ರಲ್ಲಿ ಒಬ್ಬ ಜೀನಸಿ ಅಂಗಡಿಯವರು, "ಕಂಪೆನಿಯ ಸಾಫ್ಟ್‌ವೇರಿಗೆ ಹಣ ಯಾಕೆ ಸುರಿಯುವುದು, ಮಕ್ಕಳು ಪುಕ್ಕಟೆ ಮಾಡಿಕೊಡ್ತಾರಲ್ಲ" ಎಂದು ಒಂದು ಬಿಲ್ಲಿಂಗ್ ವ್ಯವಸ್ಥೆ ಮಾಡಿಸಿಕೊಂಡರು ಅಂದುಕೊಳ್ಳಿ. ಮಾಡಿದ ಹುಡುಗ ಜಾಣ, ಕೆಲಸವೂ ಚೊಕ್ಕ. ಆದರೆ 18 ಎಂಬ ಅಂಕಿಯನ್ನು ಕೋಡಿನೊಳಗೇ ಹತ್ತು ಕಡೆ ಬರೆದುಬಿಟ್ಟಿದ್ದಾನೆ. 2025ರ ಸೆಪ್ಟೆಂಬರಿಗೆ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ಎತ್ತುತ್ತಾನೆ, ಪಾಪ. "ಅಂಕಲ್, ಶನಿವಾರ ನೋಡ್ತೇನೆ" ಅನ್ನುತ್ತಾನೆ. ಶನಿವಾರ ಬರುವ ತನಕ ಗಿರಾಕಿ ಕಾಯುತ್ತಾನಾ? "ಪೇಪರಿನಲ್ಲಿ ಐದು ಅಂತ ಬಂದಿದೆ, ನೀವು ಹದಿನೆಂಟು ಹಾಕ್ತೀರಲ್ಲ" ಎಂದು ಕೌಂಟರಿನಲ್ಲೇ ಜಗಳ. ಮುಂದೆ ಲೆಕ್ಕ ಕೇಳಲು ಬಂದ ಇಲಾಖೆಯವರು ಹುಡುಗನನ್ನು ಹುಡುಕಿಕೊಂಡು ಹೋಗುವುದಿಲ್ಲ. ಬಿಲ್ಲಿನ ತಲೆಯ ಮೇಲೆ ಇರುವುದು ಅಂಗಡಿಯ ಹೆಸರು.

ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ಅವನು ಕಲಿಯಲು ಮಾಡಿದ, ಮಾಡಿ ಕಲಿತ. ತಪ್ಪಿದ್ದು ಲೆಕ್ಕಾಚಾರ. ಸಾಫ್ಟ್‌ವೇರ್ ಎಂದರೆ ಗೋದ್ರೇಜ್ ಕಪಾಟಿನ ಹಾಗೆ ಒಂದು ಸಲ ತಂದು ಇಟ್ಟರೆ ಇಪ್ಪತ್ತು ವರ್ಷ ಇರುವ ವಸ್ತು ಎಂದು ನಾವು ತಿಳಿದುಕೊಂಡಿದ್ದೇವೆ. ಅದು ಹಾಗಲ್ಲ. ಅದು ಬಾವಿಯ ಪಂಪಿನ ಹಾಗೆ. ಆಗಾಗ ಬಿಚ್ಚಬೇಕು, ವಾಶರ್ ಹಾಕಬೇಕು, ನೀರು ಬರುತ್ತದೋ ನೋಡಬೇಕು. ಕಾನೂನು ಬದಲಾಗುತ್ತದೆ, ಫೋನು ಬದಲಾಗುತ್ತದೆ, ಹೆಸರು ನಂಬರು ಬದಲಾಗುತ್ತದೆ. ಮಾಡಿಕೊಡುವುದು ಒಂದು ಸೆಮಿಸ್ಟರಿನ ಕೆಲಸ, ನೋಡಿಕೊಳ್ಳುವುದು ವರ್ಷಾನುಗಟ್ಟಲೆಯ ಕೆಲಸ. ಆದ್ದರಿಂದ ತೆರಿಗೆ, ಬಿಲ್ಲು, ಹಣದ ವ್ಯವಹಾರವನ್ನು ಪುಕ್ಕಟೆ ಕೆಲಸಕ್ಕೆ ಕೊಡುವುದೇ ಬೇಡ. ಅದಕ್ಕೆ ಹಣ ಕೊಟ್ಟು, ಕರೆದಾಗ ಬರುವವರನ್ನು ಇಟ್ಟುಕೊಳ್ಳುವುದು ಅಗ್ಗ.

ಸುರತ್ಕಲ್ಲಿನಲ್ಲಿ ನಿಂತದ್ದು ಹೇಗೆ?

ಹಾಗಾದರೆ ವಿದ್ಯಾರ್ಥಿಗಳು ಮಾಡಿದ್ದು ಯಾವುದೂ ನಿಲ್ಲುವುದಿಲ್ಲವೋ? ನಿಲ್ಲುತ್ತದೆ. ಸಾಕ್ಷಿ ನಮ್ಮ ಸುರತ್ಕಲ್ಲಿನಲ್ಲೇ ಉಂಟು. ಎನ್‌ಐಟಿಕೆಯಲ್ಲಿ 'ಐರಿಸ್' ಎಂಬ ವ್ಯವಸ್ಥೆ ಇದೆ. ವಿದ್ಯಾರ್ಥಿಗಳ ಕೋರ್ಸು ನೋಂದಣಿಯಿಂದ ಹಿಡಿದು ಕಾಲೇಜಿನ ಅನೇಕ ಕಾಗದಪತ್ರದ ಕೆಲಸ ಅದರ ಮೂಲಕ ನಡೆಯುತ್ತದೆ. ಇದನ್ನು ಕಟ್ಟಿದ್ದು ಹೊರಗಿನ ಕಂಪೆನಿಯಲ್ಲ. ಅಲ್ಲಿಯ ವಿದ್ಯಾರ್ಥಿಗಳೇ ಕಟ್ಟಿದ್ದು, ವಿದ್ಯಾರ್ಥಿಗಳ ತಂಡವೇ ನಡೆಸುವುದು.

ಕಟ್ಟಿದ ಬ್ಯಾಚು ಎಂದೋ ಹೋಯಿತು. ವ್ಯವಸ್ಥೆ ಮಾತ್ರ ನಡೆಯುತ್ತಲೇ ಇದೆ. ಗುಟ್ಟು ಏನು? ತಂಡಕ್ಕೆ ಕಿರಿಯರನ್ನು ಸೇರಿಸಿಕೊಳ್ಳುತ್ತಾ ಹೋಗುತ್ತಾರೆ. ಯಕ್ಷಗಾನ ಮೇಳದಲ್ಲಿ ಕೋಡಂಗಿ, ಬಾಲಗೋಪಾಲ ಮಾಡುತ್ತಾ ಮಾಡುತ್ತಾ ಹುಡುಗ ಮುಂದೆ ಕಿರೀಟ ಕಟ್ಟುವ ವೇಷಕ್ಕೆ ಬರುವುದಿಲ್ಲವೇ, ಅದೇ ಕ್ರಮ. ಹಿರಿಯ ಹೋಗುವಷ್ಟರಲ್ಲಿ ಕಿರಿಯ ತಯಾರು. ಎರಡನೆಯ ಗುಟ್ಟು, ಮಾಡಿದವರೂ ಬಳಸುವವರೂ ಒಂದೇ ಕಂಪೌಂಡಿನ ಒಳಗೆ ಇರುವುದು. ನೋಂದಣಿಯ ದಿನ ಕೈಕೊಟ್ಟರೆ ಅಂದೇ ಮೆಸ್ಸಿನಲ್ಲಿ ಬೈಗಳು ಕೇಳಬೇಕಾಗುತ್ತದೆ. ಬೈಗಳು ಕೇಳುವಷ್ಟು ಹತ್ತಿರ ಇದ್ದವನ ಕೆಲಸ ಯಾವಾಗಲೂ ಗಟ್ಟಿ.

ಊರಿನ ಸಂಘ ಸಂಸ್ಥೆಗಳಿಗೆ ಮಾಡಿಕೊಡುವ ಕೆಲಸಕ್ಕೆ ಕೊರತೆಯಾಗುವುದು ಈ ಎರಡೇ. ಕಿರಿಯರು ತಯಾರಿರುವುದಿಲ್ಲ, ಬೈಗಳು ಹುಡುಗರ ಕಿವಿಗೆ ತಲುಪುವುದಿಲ್ಲ.

ಮುಚ್ಚುವುದೂ ಒಂದು ಕೆಲಸ

2018ರ ಆಗಸ್ಟ್ ನೆನಪುಂಟಲ್ಲ? ಈಚೆ ಕೊಡಗಿನಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆ ಬಂದಾಗಿತ್ತು, ಆಚೆ ಕೇರಳ ನೀರಿನಲ್ಲಿ ಮುಳುಗಿತ್ತು. ಆಗ 'ಕೇರಳ ರೆಸ್ಕ್ಯೂ' ಎಂಬ ಜಾಲತಾಣ ಎದ್ದು ನಿಂತಿತು. ಐಟ್ರಿಪಲ್‌ಇ ಎಂಬ ಇಂಜಿನಿಯರುಗಳ ಸಂಸ್ಥೆಯ ಕೇರಳ ಶಾಖೆಯ ಸ್ವಯಂಸೇವಕರು, ಅಲ್ಲಿಯ ಸರ್ಕಾರದ ಐಟಿ ಮಿಷನ್ ಜೊತೆ ಸೇರಿ ಮಾಡಿದ್ದು. ಮಾಳಿಗೆ ಮೇಲೆ ಸಿಕ್ಕಿಬಿದ್ದವರ ವಿವರ, ಪರಿಹಾರ ಶಿಬಿರಗಳಿಗೆ ಬೇಕಾದ ಸಾಮಾನಿನ ಪಟ್ಟಿ ಅದರಲ್ಲಿ ಸೇರುತ್ತಾ ಹೋಯಿತು. ಕೋಡನ್ನು ತೆರೆದಿಟ್ಟದ್ದರಿಂದ ಎಲ್ಲೆಲ್ಲಿಂದಲೋ ಜನ ರಾತ್ರಿ ಕೂತು ತಿದ್ದಿಕೊಟ್ಟರು. ನೆರೆ ಇಳಿಯಿತು, ಆ ತುರ್ತಿನ ಕೆಲಸವೂ ಮುಗಿಯಿತು. ಇಂಥ ಕೆಲಸಕ್ಕೆ ಹುಡುಗರ ಹುಮ್ಮಸ್ಸು ಹೇಳಿ ಮಾಡಿಸಿದ್ದು. ಅವಧಿ ಸಣ್ಣದು, ಅಗತ್ಯ ದೊಡ್ಡದು.

ಇನ್ನೊಂದು, 2020ರ ಮಾರ್ಚಿನಲ್ಲಿ ಶುರುವಾದ 'ಕೋವಿಡ್19ಇಂಡಿಯಾ'. ಎಷ್ಟು ಪಾಸಿಟಿವ್, ಎಷ್ಟು ಗುಣಮುಖ ಎಂದು ದೇಶವೆಲ್ಲ ದಿನಾ ನೋಡುತ್ತಿದ್ದ ಲೆಕ್ಕ ಅದು. ನಡೆಸಿದ್ದು ಸ್ವಯಂಸೇವಕರು. ಅವರು ಮಾಡಿದ ದೊಡ್ಡ ಕೆಲಸ ಯಾವುದು ಗೊತ್ತುಂಟಾ? 2021ರ ಅಕ್ಟೋಬರ್ 31ಕ್ಕೆ ನಿಲ್ಲಿಸುತ್ತೇವೆ ಎಂದು ಮೊದಲೇ ಸಾರಿ, ಅದುವರೆಗಿನ ಲೆಕ್ಕವನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟು ನಿಲ್ಲಿಸಿದ್ದು. ಅಂಗಡಿ ಮುಚ್ಚುವವನು ಮೊದಲೇ ಬೋರ್ಡ್ ಹಾಕಿ, ಕೊಡಬೇಕಾದದ್ದು ಕೊಟ್ಟು, ಬೀಗ ಹಾಕುವ ಹಾಗೆ. ಅರ್ಧದಲ್ಲಿ ಬಿಟ್ಟು ಹೋಗುವುದಕ್ಕೂ ಹೇಳಿ ಮುಗಿಸುವುದಕ್ಕೂ ಬಹಳ ಅಂತರ.

ಇದ್ದದ್ದನ್ನು ಕೂರಿಸಿ ಕೊಡಿ

ವಿದ್ಯಾರ್ಥಿಗಳಿಗೂ ಒಂದು ಮಾತು. ಹೊಸತು ಬರೆಯುವುದು ಅಂದ್ರೆ ನಿಮಗೆ ಖುಷಿ, ಸರಿ. ಆದರೆ ಶಾಲೆಯ ಲೈಬ್ರರಿಗೆ ನೀವು ಹೊಸ ಸಾಫ್ಟ್‌ವೇರ್ ಬರೆಯಲೇಬೇಕೆಂದಿಲ್ಲ. ನ್ಯೂಜಿಲೆಂಡಿನ ಒಂದು ಊರ ಲೈಬ್ರರಿಗಾಗಿ ಮಾಡಿ, 2000ದ ಜನವರಿಯಲ್ಲಿ ಬಳಕೆಗೆ ಬಂದ 'ಕೋಹಾ' ಇದೆ. ಅಲ್ಲಿಯ ಮಾವೊರಿ ಭಾಷೆಯಲ್ಲಿ ಹಾಗೆಂದರೆ ಉಡುಗೊರೆ. ಹೆಸರಿಗೆ ತಕ್ಕಂತೆ ಪುಕ್ಕಟೆ. ನಮ್ಮ ದೇಶದ ಕಾಲೇಜು ಲೈಬ್ರರಿಗಳೂ ಅದನ್ನು ಬಳಸುತ್ತವೆ. ಅದನ್ನು ಕೂರಿಸಿ, ಲೈಬ್ರರಿಯನ್ ಅಕ್ಕನಿಗೆ ನಾಲ್ಕು ದಿನ ಪಕ್ಕದಲ್ಲಿ ಕೂತು ಕಲಿಸಿಕೊಟ್ಟರೆ ಅದು ದೊಡ್ಡ ಸೇವೆ.

ರಕ್ತದಾನಿಗಳ ಪಟ್ಟಿಯ ಆ್ಯಪೂ ಹಾಗೆಯೇ. ಕೇಂದ್ರ ಸರ್ಕಾರದ 'ಇ-ರಕ್ತಕೋಶ' 2016ರಿಂದ ಉಂಟು. ಎರಡು ವರ್ಷ ಯಾರೂ ನೋಡದ ನಿಮ್ಮ ಪಟ್ಟಿಯಲ್ಲಿ ಹಳೆ ನಂಬರುಗಳಿದ್ದರೆ, ಅಪರಾತ್ರಿ ಆಸ್ಪತ್ರೆ ವರಾಂಡದಲ್ಲಿ ನಿಂತು ಒಂದೊಂದಾಗಿ ಫೋನ್ ಮಾಡುವವನ ಗತಿ ಏನು? ಪಟ್ಟಿ ಇಲ್ಲದಿದ್ದರೆ ಅವನು ಬೇರೆ ದಾರಿಯಾದರೂ ಹುಡುಕುತ್ತಿದ್ದ. ಬಸ್ ಟೈಮಿನ ಆ್ಯಪ್ ಮಾಡುವವರೂ ಇದನ್ನು ನೆನಪಿಡಬೇಕು. ಪರದೆಯಲ್ಲಿ 8.10 ಎಂದು ತೋರಿಸಿ, ಬಸ್ಸು 8 ಗಂಟೆಗೇ ಹೋಗಿದ್ದರೆ, ಸ್ಟಾಪಿನಲ್ಲಿ ನಿಂತವನು ಶಪಿಸುವುದು ಮಾಡಿದವರನ್ನೇ.

ಪುಕ್ಕಟೆ ಕೊಡುವ ಕ್ರಮ ನಮ್ಮ ಊರಿಗೆ ಹೊಸತೇನಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕಂಪ್ಯೂಟರಿಗೆ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದರು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದರು. ಅವರ ವಿನ್ಯಾಸವೇ ಮುಂದೆ 'ನುಡಿ'ಗೆ ಆಧಾರವಾಯಿತು. ತಾಲೂಕು ಕಚೇರಿಯಲ್ಲಿ ಕನ್ನಡ ಅರ್ಜಿ ಟೈಪಾಗಿ ಬರುವಾಗ ಅದರ ಹಿಂದೆ ನಮ್ಮವರೊಬ್ಬರ ಪುಕ್ಕಟೆ ದುಡಿಮೆ ಇದೆ. ಅದು ಉಳಿಯಿತು ಯಾಕೆ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು, ಅದಕ್ಕೆ.

ಅಂಕದ ಲೆಕ್ಕ

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಎಐಸಿಟಿಇ ನಿಯಮದ ಪ್ರಕಾರ ವಿಟಿಯು ಕಾಲೇಜುಗಳ 2018ರ ಸ್ಕೀಮಿನಲ್ಲಿ ನಾಲ್ಕು ವರ್ಷದ ಪದವಿಗೆ 100 'ಚಟುವಟಿಕೆ ಅಂಕ' ಕಡ್ಡಾಯವಾಯಿತು. ಸಮಾಜಕ್ಕೆ ಏನಾದರೂ ಕೆಲಸ ಮಾಡಿ ಗಳಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಅಂಕಕ್ಕೆ ಬಂದವನು ಫೋಟೋ ತೆಗೆದು, ಸಹಿ ಹಾಕಿಸಿಕೊಂಡು ಹೋಗುತ್ತಾನೆ, ಕೆಲಸಕ್ಕೆ ಬಂದವನು ಮರುವಾರವೂ ಬಂದು "ಹೇಗೆ ನಡೀತಾ ಉಂಟು?" ಎಂದು ಕೇಳುತ್ತಾನೆ. ಮೊದಲ ದಿನ ಇಬ್ಬರೂ ಒಂದೇ ಥರ ಕಾಣುತ್ತಾರೆ. ಮರುವಾರ ಗೊತ್ತಾಗುತ್ತದೆ.

ನಮ್ಮ ಕಡೆಯ ಚಾಳಿಯನ್ನೂ ಹೇಳಬೇಕಲ್ಲ? ಹುಡುಗರು ಸಿಕ್ಕಿದರು ಎಂದು ಸಂಘದ ಕೆಲಸದ ಹೆಸರಿನಲ್ಲಿ ಸ್ವಂತ ವ್ಯಾಪಾರದ ಜಾಹೀರಾತು ಮಾಡಿಸಿಕೊಳ್ಳುವುದು, "ಅದರ ಜೊತೆ ನನ್ನ ಪ್ರಿಂಟರೂ ಸ್ವಲ್ಪ ನೋಡು" ಅನ್ನುವುದು, ಪರೀಕ್ಷೆಯ ಮುನ್ನಾದಿನ ಫೋನ್ ಮಾಡುವುದು. ಅವರು ಓದಲು ಬಂದ ಮಕ್ಕಳು, ನಮ್ಮ ಅಂಗಡಿಯ ಸಂಬಳದವರಲ್ಲ. ಲಾಭದ ಕೆಲಸವಾದರೆ ಹಣ ಕೊಡಬೇಕು. ಸೇವೆಯ ಕೆಲಸವಾದರೆ ನಮ್ಮ ಸಮಯವನ್ನಾದರೂ ಕೊಡಬೇಕು. "ನನಗೆ ಕಂಪ್ಯೂಟರ್ ಗೊತ್ತಿಲ್ಲ, ನೀವೇ ಎಲ್ಲ ನೋಡ್ಕೊಳ್ಳಿ" ಅಂದವರ ಸಾಫ್ಟ್‌ವೇರ್ ಬಾಳಿಕೆ ಬರುವುದಿಲ್ಲ.

ಒಪ್ಪುವ ಮೊದಲು ಕೇಳಿ

ಶಾಲೆ, ಯುವಕ ಮಂಡಲ, ಮಹಿಳಾ ಸಂಘ, ಲೈಬ್ರರಿ, ಯಾವುದೇ ಇರಲಿ, ಕ್ಲಬ್ಬಿನವರು ಬಂದಾಗ ಚಹಾ ಕೊಟ್ಟು, ಕೂರಿಸಿ, ಇಷ್ಟು ಕೇಳಿ.

ಒಂದು: ಇದಕ್ಕೆ ಈಗಾಗಲೇ ಸಿದ್ಧ ವ್ಯವಸ್ಥೆ ಇದೆಯೋ? ಇದ್ದರೆ ಅದನ್ನೇ ಕೂರಿಸಿ ಕಲಿಸಿಕೊಡುತ್ತೀರೋ?

ಎರಡು: ಜಾಲತಾಣದ ಹೆಸರು, ಪಾಸ್‌ವರ್ಡ್ ಯಾರ ಹೆಸರಿನಲ್ಲಿ? ಹುಡುಗನ ಸ್ವಂತ ಇಮೇಲಿನಲ್ಲಿ ಇದ್ದರೆ ಮುಗಿಯಿತು. ನವೀಕರಣದ ಹಣ ಕಟ್ಟಿ ಎಂಬ ಸೂಚನೆ ಅವನಿಗೆ ಹೋಗುತ್ತದೆ, ಅವನು ನೋಡುವುದಿಲ್ಲ, ನಿಮ್ಮ ಹೆಸರು ಇನ್ನೊಬ್ಬರ ಪಾಲಾಗುತ್ತದೆ. ಎಲ್ಲವೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲಿನಲ್ಲಿ ಇರಲಿ.

ಮೂರು: ಒಳಗೆ ಹಾಕಿದ ವಿವರವನ್ನು ಬೇಕಾದಾಗ ಹೊರಗೆ ತೆಗೆಯಲು, ಎಕ್ಸೆಲ್ ಮಾಡಿಕೊಳ್ಳಲು, ಪ್ರಿಂಟ್ ಹಾಕಲು ಬರುತ್ತದೋ? ಬಾರದಿದ್ದರೆ ಬೇಡ. ಮಕ್ಕಳ ಹೆಸರು, ಫೋನು ಸೇರಿಸುವುದಾದರೆ ಇನ್ನೂ ಎಚ್ಚರ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, 18 ತುಂಬದವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ನಾಲ್ಕು: ಬಳಸುವ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಡುತ್ತೀರೋ? ಕೋಡನ್ನು ಬೇರೆಯವರು ತೆರೆದು ತಿದ್ದುವ ಹಾಗೆ ಇಡುತ್ತೀರೋ? ನಾಳೆ ನೀವಿಲ್ಲದಾಗ ಇನ್ನೊಬ್ಬರು ಕೈಹಾಕಲು ಇದೇ ದಾರಿ.

ಹೊಸ ವ್ಯವಸ್ಥೆ ಬಂದ ದಿನವೇ ಹಳೆ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಎರಡು ತಿಂಗಳು ಎರಡನ್ನೂ ಬರೆಯಿರಿ. ಎರಡೂ ತಾಳೆಯಾದರೆ ಪುಸ್ತಕ ಮುಚ್ಚಿ, ಆಗದಿದ್ದರೆ ಹುಡುಗರನ್ನು ಕರೆಯಿರಿ. ಆ ಎರಡು ತಿಂಗಳು ಅವರು ಇನ್ನೂ ಊರಿನಲ್ಲೇ ಇರುವ ಹಾಗೆ, ಪರೀಕ್ಷೆಗೆ ಬಹಳ ಮೊದಲೇ ಕೆಲಸ ಮುಗಿಸಿಕೊಳ್ಳಿ.

ಐದನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಕೇಳುವುದಕ್ಕೂ ಸುಲಭ. ಫೈನಲ್ ಇಯರ್ ಹುಡುಗರೇ ನಾಲ್ವರು ಬಂದು ನಿಂತಿದ್ದರೆ ನಯವಾಗಿ ಹೇಳಿ: "ನೀವು ಮಾಡಿ, ಸಂತೋಷ. ಆದ್ರೆ ನಾಳೆ ಬರುವಾಗ ನಿಮ್ಮ ಜೊತೆ ಸೆಕೆಂಡ್ ಇಯರ್‌ನವರು ಇಬ್ಬರನ್ನು ಕರ್ಕೊಂಡು ಬನ್ನಿ."